ರೂಡಿ ಗೋಬೇರ್‌ಗಾಗಿ ಮಿನ್ನೆಸೋಟಾ ತಂಡ ಅಷ್ಟೊಂದು ಕೊಟ್ಟಿದ್ದು ಸರಿಯಾ?

ನನ್ನ ಪ್ರಕಾರ ಸರಿ. ಆದರೆ ಬೆಲೆ ಜಾಸ್ತಿಯಾಯ್ತು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 2022ರ ಜುಲೈನಲ್ಲಿ ಯೂಟಾ ಜಾಝ್ ತಂಡದಿಂದ ಈ ಸೆಂಟರ್ ಆಟಗಾರನನ್ನು (ರಿಂಗ್ ಬಳಿ ಕಾಯುವ ಎತ್ತರದ ಆಟಗಾರ) ತರಲು ಮಿನ್ನೆಸೋಟಾ ಐವರು ಆಟಗಾರರನ್ನು ಬಿಟ್ಟುಕೊಟ್ಟಿತು. ಜೊತೆಗೆ 2023, 2025, 2027, 2029ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನೂ ಕೊಟ್ಟಿತು. ಅಂದರೆ ಮುಂದೆ ಬರುವ ಹೊಸ ಹುಡುಗರನ್ನು ಆರಿಸುವ ಅವಕಾಶವೇ ಕೈಬಿಟ್ಟಂತೆ. ಕೊಟ್ಟ ಐವರಲ್ಲಿ ವಾಕರ್ ಕೆಸ್ಲರ್ ಕೂಡ ಇದ್ದ. ಅವನೂ ಒಳ್ಳೆಯ ಸೆಂಟರ್. ನನಗೆ ಇವತ್ತಿಗೂ ಬೇಸರ ಇರುವುದು ಅದೊಂದಕ್ಕೇ.

ಮೊದಲ ವರ್ಷ 42 ಗೆಲುವು, 40 ಸೋಲು. ತಂಡದ ಇನ್ನೊಬ್ಬ ಪ್ರಮುಖ ಆಟಗಾರ ಕಾರ್ಲ್ ಆಂಥೊನಿ ಟೌನ್ಸ್ ಗಾಯಗೊಂಡು ಆಡಿದ್ದೇ 29 ಪಂದ್ಯ. ಎಲ್ಲರೂ ಬೈದರು. ಮರುವರ್ಷ 56 ಗೆಲುವು! ಇಡೀ ಲೀಗ್‌ನಲ್ಲೇ ಬಿಗಿಯಾದ ರಕ್ಷಣೆ ಇವರದ್ದು. ಗೋಬೇರ್‌ಗೆ ನಾಲ್ಕನೇ ಸಲ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿ ಬಂತು.

ಅಂಕಪಟ್ಟಿ ನೋಡಿದರೆ ಅವನ ಬೆಲೆ ಗೊತ್ತಾಗಲ್ಲ. ಎದುರಾಳಿ ವೇಗವಾಗಿ ಒಳಗೆ ನುಗ್ಗುತ್ತಾನೆ, ರಿಂಗ್ ಕೆಳಗೆ ಗೋಬೇರ್‌ನ ಆ ಉದ್ದ ಕೈಗಳು ಮೇಲೆದ್ದಿದ್ದು ಕಾಣುತ್ತದೆ, ಶಾಟ್ ಹೊಡೆಯದೆ ಚೆಂಡನ್ನು ಹೊರಗೆ ತಳ್ಳುತ್ತಾನೆ. ಇದು ಬ್ಲಾಕ್ (ಶಾಟ್ ತಡೆದದ್ದು) ಲೆಕ್ಕಕ್ಕೂ ಬರಲ್ಲ, ಅಲ್ವಾ? 2024ರ ಪ್ಲೇಆಫ್‌ನಲ್ಲಿ ಡೆನ್ವರ್ ವಿರುದ್ಧ ಸರಣಿಯ ನಿರ್ಣಾಯಕ ಏಳನೇ ಪಂದ್ಯ ನೋಡಿ: 20 ಅಂಕ ಹಿಂದಿದ್ದ ಮಿನ್ನೆಸೋಟಾದವರು 98-90ರಿಂದ ಗೆದ್ದರು. ಎದುರಿಗೆ ಡೆನ್ವರ್‌ನ ಸೆಂಟರ್ ನಿಕೋಲಾ ಯೋಕಿಚ್‌ನಂಥವನಿದ್ದಾಗ ಇಂಥ ಸೆಂಟರ್ ಇಲ್ಲದೆ ಆಗುತ್ತಿರಲಿಲ್ಲ.