ಒಂದೇ ದಿನದಲ್ಲಿ ಕಂಚಿ ನೋಡಿಕೊಂಡು ಬರಬಹುದಾ?

ಅಪ್ಪ ಅಮ್ಮನ ಜೊತೆ ಬೆಳಿಗ್ಗೆ ಬೆಂಗಳೂರು ಬಿಟ್ಟು, ಕಂಚಿಯ ದೇವಸ್ಥಾನಗಳನ್ನೆಲ್ಲ ನೋಡಿ ರಾತ್ರಿಗೆ ವಾಪಸ್ ಬರಬಹುದಾ ಅಂತ ಕೇಳಿದ್ದೀರಿ. ಬರಬಹುದು, ಆದರೆ ದೇವರಿಗಿಂತ ಮುಚ್ಚಿದ ಬಾಗಿಲನ್ನೇ ಜಾಸ್ತಿ ನೋಡುತ್ತೀರಿ.

ಕೃಷ್ಣಗಿರಿ, ವೆಲ್ಲೂರು ದಾಟಿ ಹೋದರೆ ಸುಮಾರು 275 ಕಿಲೋಮೀಟರ್. ಐದಕ್ಕೆ ಹೊರಟರೂ ತಿಂಡಿ, ಟೋಲ್ ಎಲ್ಲ ಮುಗಿಸಿ ತಲುಪುವಷ್ಟರಲ್ಲಿ ಹತ್ತೂವರೆ. ಹನ್ನೆರಡು, ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ನಾಲ್ಕರ ಹೊತ್ತಿಗೆ. ಹಾಗಾಗಿ ಹಿಂದಿನ ದಿನ ಸಂಜೆಯೇ ಹೊರಟು ಅಲ್ಲೇ ಉಳಿದುಕೊಳ್ಳಿ. ಕಾರು ಬೇಡ ಅಂದರೆ ವೆಲ್ಲೂರಿನ ಪಕ್ಕದ ಕಾಟ್ಪಾಡಿವರೆಗೆ ರೈಲು, ವೆಲ್ಲೂರಿನಿಂದ ಬಸ್ಸು.

ಬೆಳಿಗ್ಗೆ ಮೊದಲು ಕೈಲಾಸನಾಥ. ಎಲ್ಲರೂ ಕಾಮಾಕ್ಷಿಯಿಂದ ಶುರು ಮಾಡಿ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಕೊನೆಗೆ ಬಿಟ್ಟೇ ಬಿಡುತ್ತಾರೆ. ಊರಾಚೆ ಇದೆ, ಜನ ಕಮ್ಮಿ. ಎಂಟನೇ ಶತಮಾನದ ಶುರುವಿನಲ್ಲಿ ಪಲ್ಲವರ ರಾಜಸಿಂಹ ಕಟ್ಟಿಸಿದ್ದು. ಮರಳುಗಲ್ಲು, ಬೆಳಗಿನ ಬಿಸಿಲಿಗೆ ಚೆನ್ನಾಗಿ ಕಾಣುತ್ತದೆ. ಪ್ರಾಕಾರದ ಸುತ್ತ ಸಾಲಾಗಿ ಪುಟ್ಟ ಪುಟ್ಟ ಗುಡಿಗಳಿವೆ, ಕೆಲವದರ ಒಳಗೆ ಬಗ್ಗಿ ನೋಡಿದರೆ ಹಳೇ ಬಣ್ಣದ ಚಿತ್ರಗಳ ಚೂರು ಇನ್ನೂ ಗೋಡೆಗೆ ಅಂಟಿಕೊಂಡಿವೆ.

ನಾವು ಕನ್ನಡದವರು ಅಲ್ಲಿ ನೋಡಲೇಬೇಕಾದದ್ದು ಇನ್ನೊಂದಿದೆ. ಪಲ್ಲವರು 642ರಲ್ಲಿ ಚಾಲುಕ್ಯರ ರಾಜಧಾನಿ ಬಾದಾಮಿಗೆ ನುಗ್ಗಿದ್ದು ಗೊತ್ತಲ್ವಾ? ಸುಮಾರು ನೂರು ವರ್ಷದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದವನು ಊರು ಸುಡಲಿಲ್ಲ, ದೇವಸ್ಥಾನದ ಸಂಪತ್ತು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ. ಹಾಗಂತ ಮುಂದಿನ ಮಂಟಪದ ಕಂಬದ ಮೇಲೆ ಕನ್ನಡದಲ್ಲೇ ಬರೆಸಿದ್ದಾನೆ! ಹಳಗನ್ನಡ ಲಿಪಿ, ಸುಮ್ನೆ ನೋಡಿದರೆ ಓದಲು ಬರಲ್ಲ, ಯಾವ ಕಂಬ ಅಂತ ಅಲ್ಲಿಯವರನ್ನು ಕೇಳಿ. ಈ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಸ್ಥಾನ. ಪಟ್ಟದಕಲ್ಲು ನೋಡಿದ್ದರೆ ಎರಡರ ಹೋಲಿಕೆ ನಿಮಗೇ ಗೊತ್ತಾಗುತ್ತದೆ.

ಅಲ್ಲಿಂದ ಏಕಾಂಬರನಾಥ. ರಾಜಗೋಪುರ 1509ರಲ್ಲಿ ನಮ್ಮ ಕೃಷ್ಣದೇವರಾಯ ಕಟ್ಟಿಸಿದ್ದು, ಒಳಗೆ ಪೃಥ್ವಿಲಿಂಗ, ಅಂದರೆ ಮಣ್ಣಿನ ಲಿಂಗ, ಹಿಂದೆ ಮಾವಿನ ಮರ. ಆಮೇಲೆ ಹತ್ತಿರದಲ್ಲೇ ಇರುವ ಕಾಮಾಕ್ಷಿ. ಶುಕ್ರವಾರ ಆದರೆ ಸಾಲು ಉದ್ದ. ಮಧ್ಯಾಹ್ನದೊಳಗೆ ಇಷ್ಟು ಆಯಿತು ಅಂದರೆ ಸಾಕು.

ಸಂಜೆಗೆ ವರದರಾಜಸ್ವಾಮಿ. ಇದು ಚಿಕ್ಕ ಕಂಚಿಯಲ್ಲಿದೆ, ಆಟೋ ಬೇಕಾಗುತ್ತದೆ. ಸನ್ನಿಧಿಗೆ 24 ಮೆಟ್ಟಿಲು ಹತ್ತಬೇಕು, ಅಮ್ಮನಿಗೆ ಮಂಡಿನೋವು ಇದ್ದರೆ ನಿಧಾನವಾಗಿ ಹತ್ತಿಸಿ. ಬಂಗಾರದ ಹಲ್ಲಿ, ಬೆಳ್ಳಿ ಹಲ್ಲಿ ಇರುವುದು ಇಲ್ಲೇ. ಮುಟ್ಟಿ ಬಂದರೆ ಹಲ್ಲಿ ಮೈಮೇಲೆ ಬಿದ್ದ ದೋಷ ಇಲ್ಲ ಅಂತ ನಂಬಿಕೆ. ಮನೆಗೆ ಬಂದ ಮೇಲೆ ಹಲ್ಲಿ ಬಿದ್ದವರೆಲ್ಲ ನಿಮ್ಮನ್ನು ಹುಡುಕಿಕೊಂಡು ಬಂದು ಮುಟ್ಟಿ ಹೋಗುತ್ತಾರೆ, ತಯಾರಾಗಿರಿ. ನೂರು ಕಂಬದ ಮಂಟಪದ ಮೂಲೆಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿ ನೇತಾಡುತ್ತದೆ, ಅಪ್ಪನಿಗೆ ತೋರಿಸಿ. ಅತ್ತಿ ಮರದಲ್ಲಿ ಕಡೆದ ವರದರಾಜನ ಮೂರ್ತಿ, ಅತ್ತಿ ವರದನ ದರ್ಶನ ಮಾತ್ರ ಈಗಿಲ್ಲ. 40 ವರ್ಷಕ್ಕೊಮ್ಮೆ ಪುಷ್ಕರಣಿಯಿಂದ ಮೇಲೆ ತರುತ್ತಾರೆ, 2019ರಲ್ಲಿ ಆಯಿತು, ಮುಂದಿನದು 2059ಕ್ಕೆ.

ಮೆಣಸು, ಜೀರಿಗೆ, ಶುಂಠಿ ಹಾಕಿದ ಕಂಚಿ ಇಡ್ಲಿ ಸಿಕ್ಕರೆ ಬಿಡಬೇಡಿ. ಸೀರೆ ಅಂಗಡಿಯನ್ನು ಬಾಗಿಲು ಹಾಕಿರುವ ಮಧ್ಯಾಹ್ನದ ಹೊತ್ತಿಗೆ ಇಟ್ಟುಕೊಳ್ಳಿ. ಆಟೋದವರು ಕರೆದುಕೊಂಡು ಹೋಗುವ ಅಂಗಡಿಯಲ್ಲಿ ಅವರ ಕಮಿಷನ್ನೂ ಸೇರಿರಬಹುದು, ನೇಕಾರರ ಸಹಕಾರ ಸಂಘದ ಮಳಿಗೆಗೆ ನೀವೇ ಹೋಗಿ, ಅಸಲಿ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ನೋಡಿ ತಗೊಳ್ಳಿ.