ಮಳೆಗಾಲದಲ್ಲಿ ಬಿಗಿಯುವ ಭೂಮಿ, ಶುಕ್ರದ ಗಿಯರ್
ಗ್ರಹಗಳು ಸೂರ್ಯನನ್ನು ಸುತ್ತುವುದನ್ನು ತೋರಿಸುವ ನಿಮ್ಮ ಮರದ ಮಾದರಿಯಲ್ಲಿ, ಬೇಸಿಗೆಯಲ್ಲಿ ಸಲೀಸಾಗಿ ತಿರುಗುತ್ತಿದ್ದ ತೇಗದ ಗಿಯರ್‌ಗಳು ಮಳೆ ಶುರುವಾದ ಮೇಲೆ ಬಿಗಿಯುತ್ತಿವೆ ಅಂದರೆ, ಕಾರಣ ಬಹುಶಃ ತೇವ. ಹಲಗೆ ಎಳೆಯ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಹಾಗಾಗಿ ದುಂಡು ಚಕ್ರ ಮೊಟ್ಟೆಯಾಕಾರ ಆಗುತ್ತದೆ.

ಮೊದಲು ನಿಧಾನವಾಗಿ ತಿರುಗಿಸಿ, ಬಿಗಿಯಾದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಚಕ್ರ ಒಂದು ಸುತ್ತು ಬರುವಾಗ ಎರಡು ಕಡೆ, ಎದುರುಬದುರಾಗಿ ಗುರುತು ಬಿದ್ದರೆ ಚಕ್ರ ಹಿಗ್ಗಿದೆ. ಒಂದೇ ಕಡೆ ಆದರೆ ನಡುವಿನ ತೂತು ಸರಿದಿರಬಹುದು. ನೋಡದೆ ಖಚಿತವಾಗಿ ಹೇಳಲಾರೆ.

ಹಿಗ್ಗಿದ್ದರೆ ದಯವಿಟ್ಟು ಗಿಯರ್‌ನ ಹಲ್ಲು ಉಜ್ಜಿ ಸವೆಸಬೇಡಿ, ಬೇಸಿಗೆಯಲ್ಲಿ ಗಿಯರ್‌ಗಳು ಸಡಿಲವಾಗುತ್ತವೆ. 6 ಮಿ.ಮೀ. ಪ್ಲೈವುಡ್‌ನಲ್ಲಿ ಹೊಸದಾಗಿ ಕತ್ತರಿಸಿ. ಅದರ ಪದರಗಳು ಅಡ್ಡಡ್ಡ ಅಂಟಿರುವುದರಿಂದ ಆಕಾರ ಕೆಡುವುದು ಕಡಿಮೆ. ಭೂಮಿಗೆ 52, ಶುಕ್ರಕ್ಕೆ 32 ಹಲ್ಲು ಹಾಗೇ ಇರಲಿ, ಭೂಮಿಯ ಒಂದು ವರ್ಷಕ್ಕೆ ಹೋಲಿಸಿದರೆ, ಶುಕ್ರ ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವ 224.7 ದಿನಕ್ಕೆ ಬಹಳ ಹತ್ತಿರದ ಲೆಕ್ಕ ಅದು. ಎರಡೂ ಮುಖಕ್ಕೆ ವಾರ್ನಿಶ್ ಹಚ್ಚಿ. ಹಲ್ಲಿಗೆ ಎಣ್ಣೆ ಬೇಡ, ಮೇಣದಬತ್ತಿ ಉಜ್ಜಿ.