ಟ್ಯಾಂಕಿನ ಮೇಲಿನ ಹೆಸರು, ಒಳಗಿನ ಎಂಜಿನ್: ಓದುಗರ ಬೈಕ್ ಪ್ರಶ್ನೆಗಳು

ಪ್ರಶ್ನೆ: ತೋಟದ ಶೆಡ್ಡಿನಲ್ಲಿ ತಾತನ ಜಾವಾ 250 ಹತ್ತಾರು ವರ್ಷದಿಂದ ನಿಂತಿದೆ. ಎರಡು ಸೈಲೆನ್ಸರ್ ಇರುವುದರಿಂದ ಎರಡು ಸಿಲಿಂಡರ್ ಅಂತ ಅಪ್ಪ, ಅಲ್ಲ ಅಂತ ಚಿಕ್ಕಪ್ಪ. ಇದು ಮೈಸೂರಿನದೋ ವಿದೇಶದ್ದೋ? ಈಗಿನ ಜಾವಾ ಶೋರೂಮಿನಲ್ಲಿ ಸ್ಪೇರ್ ಸಿಗುತ್ತದೆಯೇ?
(ಓದುಗರು, ಸಕಲೇಶಪುರ)

ಉತ್ತರ: ಚಿಕ್ಕಪ್ಪ ಗೆದ್ದರು. ಸಿಲಿಂಡರ್ ಒಂದೇ, ಹೊಗೆ ಹೋಗುವ ದಾರಿ ಮಾತ್ರ ಎರಡು. ಪ್ಲಗ್ ವೈರ್ ಎಣಿಸಿದರೆ ಜಗಳ ಮುಗಿಯುತ್ತದೆ.

ಜಾವಾ ಕಂಪನಿ ಹುಟ್ಟಿದ್ದು ಚೆಕ್ ದೇಶದ ಪ್ರಾಗ್‌ನಲ್ಲಿ. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕಿನ ಹಕ್ಕು ಕೊಂಡರು. ಇಬ್ಬರ ಹೆಸರಿನ (Janeček, Wanderer) ಮೊದಲ ಎರಡೆರಡು ಅಕ್ಷರ ಸೇರಿ ಜಾವಾ (Jawa) ಆಯಿತು. ನಿಮ್ಮ ಗಾಡಿ ತಯಾರಾಗಿದ್ದು ಬಹುಶಃ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಅಲ್ಲಿ 1961ರಲ್ಲಿ ಶುರುವಾದ ತಯಾರಿಕೆ, ಮುಂದೆ ಯೆಜ್ದಿ ಹೆಸರಿನಲ್ಲಿ ನಡೆದು, 1996ರಲ್ಲಿ ನಿಂತಿತು.

2018ರಲ್ಲಿ ಬಂದ ಹೊಸ ಜಾವಾ 293 ಸಿಸಿಯ, ನೀರಿನಿಂದ ತಣ್ಣಗಾಗುವ ಫೋರ್ ಸ್ಟ್ರೋಕ್. ನಿಮ್ಮದು ಟೂ ಸ್ಟ್ರೋಕ್. ಎಂಜಿನ್ನಿನ ಒಂದು ವಾಷರ್ ಕೂಡ ನಿಮ್ಮದಕ್ಕೆ ಹೊಂದುವುದಿಲ್ಲ. ಮೈಸೂರು, ಬೆಂಗಳೂರಿನ ಹಳೆ ಸ್ಪೇರ್ ಅಂಗಡಿಗಳೇ ಗತಿ. ಬಿಚ್ಚಿದ ಹಳೆ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ. ಫೋಟೋ ನಂಬಿ ತಂದ ಆಯಿಲ್ ಸೀಲ್ ಅರ್ಧ ಮಿ.ಮೀ. ಹೆಚ್ಚುಕಮ್ಮಿಯಾದರೂ ಕೂರುವುದಿಲ್ಲ. ಕರೆಂಟ್ 6 ವೋಲ್ಟಿನದು, 12 ವೋಲ್ಟ್ ಬಲ್ಬ್ ಹಾಕಿ ಬೆಳಕಿಲ್ಲ ಎಂದು ಡೈನಮೋ ಬಿಚ್ಚಿಸಬೇಡಿ.

ಆಸೆಗೆ ಇವತ್ತೇ ಕಿಕ್ ಹೊಡೆಯಬೇಡಿ. ಪ್ಲಗ್ ತೆಗೆದು ಎರಡು ಚಮಚ ಟೂಟಿ (2T, ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬಿಟ್ಟು ಒಂದು ರಾತ್ರಿ ನೆನೆಯಲಿ. ಮರುದಿನ ಪ್ಲಗ್ ಹಾಕದೆಯೇ ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಎಂಜಿನ್ ಬಿಗಿಯಿಲ್ಲದೆ ತಿರುಗಿದ ಮೇಲೆ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಿ ಗ್ಯಾಪ್ 0.4 ಮಿ.ಮೀ.ಗೆ ಇಡಿ. ಆಮೇಲೆ ಕಿಕ್.

ಪ್ರಶ್ನೆ: ಯೆಜ್ದಿಯಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಎರಡು ಸಲ ಪಿಸ್ಟನ್ ಜಾಮ್ ಆಯಿತು. ಹತ್ತುವಾಗ ಏನೂ ಆಗಲಿಲ್ಲ. ಇಳಿಜಾರಿನಲ್ಲಿ ಎಂಜಿನ್ನಿಗೆ ಶ್ರಮವೇ ಇಲ್ಲವಲ್ಲ?
(ಓದುಗರು, ಮೂಡಿಗೆರೆ)

ಉತ್ತರ: ಶ್ರಮವಿಲ್ಲ, ಆದರೆ ಆಯಿಲ್ಲೂ ಇಲ್ಲ. ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಆಯಿಲ್ ತಲುಪುವುದು ಪೆಟ್ರೋಲಿನ ಜೊತೆಯಲ್ಲೇ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಸೆಕೆಂಡ್ ಗೇರಿನಲ್ಲಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಕಾರ್ಬೊರೇಟರ್ ಮಾತ್ರ ಮುಚ್ಚಿರುತ್ತದೆ. ಹತ್ತುವಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ಲೂ ಅಷ್ಟೇ ಸಿಗುತ್ತದೆ.

ಇಳಿಯುವಾಗ ಕೆಲವು ಸೆಕೆಂಡಿಗೊಮ್ಮೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಮ್ಮೆ ತಿರುವಿ ಬಿಡಿ. ಎಂಜಿನ್ ಬ್ರೇಕನ್ನೇ ನೆಚ್ಚದೆ ಎರಡೂ ಬ್ರೇಕ್ ಬಳಸಿ. ಅದಕ್ಕೆ ಡ್ರಮ್ ಶೂ ಚೆನ್ನಾಗಿರಬೇಕು. ಎಂಜಿನ್ ಬಿಗಿಯುವ ಮುನ್ನ ಶಬ್ದ ಕೀರಲಾಗಿ, ಹಿಂದಿನಿಂದ ಯಾರೋ ಎಳೆದಂತಾಗುತ್ತದೆ. ಆ ಕ್ಷಣಕ್ಕೆ ಕ್ಲಚ್ ಹಿಡಿಯದಿದ್ದರೆ ಹಿಂದಿನ ಚಕ್ರ ನಿಂತು ಗಾಡಿ ಜಾರುತ್ತದೆ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಮುಟ್ಟಬೇಡಿ. ನೀರು ಸುರಿಯಬೇಡಿ.

ಆಯಿಲ್-ಪೆಟ್ರೋಲ್ ಮಿಶ್ರಣ 1:25 ಇರಲಿ: ಲೀಟರಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ. ಟ್ಯಾಂಕಿಗೆ ನೇರ ಸುರಿದರೆ ಆಯಿಲ್ ತಳಕ್ಕೆ ಇಳಿಯುತ್ತದೆ. ಕ್ಯಾನಿನಲ್ಲಿ ಕುಲುಕಿ ಹಾಕಿ.

ಎರಡು ಸಲ ಜಾಮ್ ಆಗಿದೆ ಅಂದರೆ ಸಿಲಿಂಡರ್ ಬಿಚ್ಚಿ ನೋಡುವುದೇ ಸರಿ. ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಗೀರಿದ್ದರೆ ಬಿಸಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ. ಸುತ್ತಲೂ ಗೀರಿದ್ದರೆ ಲೇತ್ ಶಾಪಿನಲ್ಲಿ ಸಿಲಿಂಡರ್ ಕೊರೆದು ರೀಬೋರ್ ಮಾಡುವಾಗ ಪಿಸ್ಟನ್ನಿಗೆ ಬಿಗಿಯಾಗಿ ಬಿಟ್ಟಿದ್ದಾರೆ ಅಥವಾ ಎಂಜಿನ್ ಬೆಚ್ಚಗಾಗುವ ಮೊದಲೇ ಓಡಿಸಿದ್ದೀರಿ. ಆಕ್ಸಿಲರೇಟರ್ ಮುಟ್ಟದೆ ನಿಂತಲ್ಲೇ ಎಂಜಿನ್ ಓಡುವಾಗ ಅದರ ವೇಗ ತಾನಾಗಿ ಏರುತ್ತಿದ್ದರೆ ಡೈನಮೋ ಕಡೆಯ ಕ್ರ್ಯಾಂಕ್ ಸೀಲ್ ಗಾಳಿ ಎಳೆಯುತ್ತಿರಬಹುದು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಸುಟ್ಟು ಬಿಳಿ ಹೊಗೆ ಬರುತ್ತದೆ. ಸೀಲ್ ಬದಲಿಸದೆ ಹೊಸ ಪಿಸ್ಟನ್ ಹಾಕಿಸಿದರೆ ಮೂರನೇ ಸಲವೂ ಅದೇ ತಿರುವಿನಲ್ಲಿ ನಿಲ್ಲುತ್ತೀರಿ.

ಪ್ರಶ್ನೆ: ರಾಜ್‌ದೂತ್ ರಷ್ಯಾದ ಗಾಡಿಯೇ?
(ಓದುಗರು, ಕಡೂರು)

ಉತ್ತರ: ಅಲ್ಲ. ಎಸ್ಕಾರ್ಟ್ಸ್ ಕಂಪನಿಯ 175 ಸಿಸಿ ರಾಜ್‌ದೂತ್‌ಗೆ ಮೂಲ ಪೋಲೆಂಡಿನ ಎಸ್‌ಎಚ್‌ಎಲ್ ಎಂ11. ಅದೇ ಹೆಸರಿನ 350 ಮಾತ್ರ ಜಪಾನಿನ ಯಮಹಾ ಆರ್‌ಡಿ350. ಎರಡಕ್ಕೂ ಹೆಸರು ಬಿಟ್ಟರೆ ನೆಂಟಸ್ತಿಕೆ ಇಲ್ಲ.

ಪ್ರಶ್ನೆ: ಹಳೆ ಬುಲೆಟ್ ಕೊಂಡಿದ್ದೇನೆ. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಯಾಕೆ ಹೀಗೆ? ಎಡಕ್ಕೆ ಬದಲಿಸಬಹುದೇ?
(ಓದುಗರು, ಅರಸೀಕೆರೆ)

ಉತ್ತರ: ಇಂಗ್ಲೆಂಡಿನ ಬೈಕುಗಳ ರೂಢಿಯೇ ಅದು. ರಾಯಲ್ ಎನ್‌ಫೀಲ್ಡ್ ರೆಡ್ಡಿಚ್ ಊರಿನದು. 1955ರಿಂದ ಮದ್ರಾಸಿನಲ್ಲೂ ತಯಾರಿಕೆ ಶುರುವಾಯಿತು. 1970ರ ಹೊತ್ತಿಗೆ ಇಂಗ್ಲೆಂಡಿನ ಕಂಪನಿ ಮುಚ್ಚಿತು, ಮದ್ರಾಸಿನದು ಹಳೆ ವಿನ್ಯಾಸವನ್ನೇ ಮುಂದುವರಿಸಿತು. ಅಮೆರಿಕ 1970ರ ದಶಕದಲ್ಲಿ ಎಡಗಾಲಿನ ಗೇರ್ ಕಡ್ಡಾಯ ಮಾಡಿದಾಗ ಅಲ್ಲಿಗೆ ಮಾರುತ್ತಿದ್ದವರೆಲ್ಲ ಬದಲಿಸಿದರು. ನಮ್ಮ ಬುಲೆಟ್ಟಿಗೆ ಆ ಒತ್ತಡ ಇರಲಿಲ್ಲ.

ಬದಲಿಸಲು ಕೈ ಹಾಕಬೇಡಿ. ಲಿಂಕ್ ರಾಡು ಸಡಿಲವಾಗಿ ಗೇರ್ ತಪ್ಪುತ್ತದೆ. ಫಸ್ಟ್ ಮೇಲಕ್ಕೆ, ಉಳಿದ ಮೂರೂ ಕೆಳಕ್ಕೆ. ಗೇರ್ ಲಿವರ್ ಪಕ್ಕದ ಸಣ್ಣ ಲಿವರ್ ನ್ಯೂಟ್ರಲ್‌ಗೆ. ಕ್ಲಚ್ ಹಿಡಿದು ಅದನ್ನು ಒತ್ತಿದರೆ ಸೆಕೆಂಡ್, ಥರ್ಡ್, ಟಾಪ್ ಯಾವುದರಿಂದಲೂ ನೇರ ನ್ಯೂಟ್ರಲ್. ಫಸ್ಟ್‌ನಿಂದ ಮಾತ್ರ ಆಗದು. ಮೊದಲ ವಾರ ಸಂತೆಯ ದಿನ ಪೇಟೆಗೆ ಒಯ್ಯಬೇಡಿ. ಗಾಬರಿಯಲ್ಲಿ ಬಲಗಾಲು ಬ್ರೇಕ್ ಅಂತ ಗೇರನ್ನೇ ತುಳಿಯುತ್ತದೆ.

ಪ್ರಶ್ನೆ: ಇಂಗ್ಲೆಂಡಿನ ಬೈಕ್ ಕಂಪನಿಗಳಾದ ನಾರ್ಟನ್, ಬಿಎಸ್‌ಎ ಈಗ ಭಾರತದವರ ಕೈಯಲ್ಲಿವೆಯಂತೆ, ನಿಜವೇ? ಅಷ್ಟು ದೊಡ್ಡ ಕಂಪನಿಗಳು ಬಿದ್ದದ್ದು ಹೇಗೆ?
(ಓದುಗರು, ಹಾಸನ)

ಉತ್ತರ: ನಿಜ. ನಾರ್ಟನ್ 2020ರಲ್ಲಿ ಟಿವಿಎಸ್‌ಗೆ, ಬಿಎಸ್‌ಎ 2016ರಲ್ಲಿ ಜಾವಾ ಮರಳಿ ತಂದ ಕ್ಲಾಸಿಕ್ ಲೆಜೆಂಡ್ಸ್‌ಗೆ ಬಂತು. ಬೀಳಲು ಕಾರಣ ಹಲವು. ಕಣ್ಣಿಗೆ ಕಾಣುವ ಒಂದನ್ನು ಹೇಳುತ್ತೇವೆ. ಬ್ರಿಟಿಷ್ ಎಂಜಿನ್ನುಗಳ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗದ ಕವಚ) ಎಡ-ಬಲ ಹೋಳಾಗಿ ಸೇರುತ್ತಿತ್ತು. ಜೋಡಣೆಯ ಗೆರೆ ಆಯಿಲ್ ನಿಲ್ಲುವ ತಳದಲ್ಲೇ ಹಾಯುತ್ತದೆ, ಅಲ್ಲೇ ಜಿನುಗುತ್ತದೆ. ಹೋಂಡಾ 1969ರಲ್ಲಿ ತಂದ ಸಿಬಿ750ಯಲ್ಲಿ ಮೇಲೆ-ಕೆಳಗೆ ಹೋಳು, ಗೆರೆ ಆಯಿಲ್ ಮಟ್ಟದ ಮೇಲೆ. ಜೊತೆಗೆ ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಬಟನ್ ಸ್ಟಾರ್ಟ್. ಗಾಡಿಯ ಕೆಳಗೆ ರಟ್ಟು ಹಾಸುವ ಕೆಲಸ ತಪ್ಪಿದ್ದೇ ಕೊಂಡವರಿಗೆ ದೊಡ್ಡ ಸಮಾಧಾನ.

ಪ್ರಶ್ನೆ: ಮಳೆಗಾಲದಲ್ಲಿ ಮೂರು ತಿಂಗಳು ಯೆಜ್ದಿ ನಿಲ್ಲಿಸುತ್ತೇವೆ. ಎಥನಾಲ್ ಪೆಟ್ರೋಲಿನಿಂದ ತೊಂದರೆಯೇ?
(ಓದುಗರು, ಕೊಪ್ಪ)

ಉತ್ತರ: ಹೌದು. ಎಥನಾಲ್ ನೀರು ಹೀರುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದು ಮಳೆ ನೀರು ಇಳಿದರೆ, ನೀರೂ ಎಥನಾಲೂ ಸೇರಿ ತಳದಲ್ಲಿ ನಿಲ್ಲುತ್ತವೆ, ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಟ್ಯಾಂಕಿನ ಕಾಕ್ (ಪೆಟ್ರೋಲ್ ನಲ್ಲಿ) ಎಳೆಯುವುದು ತಳದಿಂದ, ಹಾಗಾಗಿ ಎಂಜಿನ್ನಿಗೆ ಆಯಿಲ್ ಸಿಗುವುದಿಲ್ಲ. ಒಂದು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಡಿ, ನಡುವೆ ಗೆರೆ ಕಂಡರೆ ಅದೇ. ನಿಲ್ಲಿಸುವ ಮೊದಲು ಟ್ಯಾಂಕನ್ನೂ ಕಾರ್ಬೊರೇಟರ್ ಬಟ್ಟಲನ್ನೂ ಖಾಲಿ ಮಾಡಿ, ಟ್ಯಾಂಕಿಗೆ 100 ಮಿ.ಲೀ. ಟೂಟಿ ಆಯಿಲ್ ಹಾಕಿ ಎಲ್ಲ ಕಡೆ ತಾಗುವಂತೆ ಹೊರಳಿಸಿ. ಪೈಪ್ ಎಥನಾಲ್ ತಡೆಯುವ ರಬ್ಬರಿನದಿರಲಿ. ಗೆರೆ ಕಂಡ ಪೆಟ್ರೋಲನ್ನು ತೋಟದ ಕಳೆ ಕತ್ತರಿಸುವ ಮೆಷಿನ್ನಿಗೆ ಸುರಿಯುವ ಆಸೆಯೂ ಬೇಡ. ಅದೂ ಟೂ ಸ್ಟ್ರೋಕ್ ಆಗಿದ್ದರೆ ಅಲ್ಲೂ ಜಾಮ್ ಆಗುತ್ತದೆ.